ಅಪರೂಪದ ಬಿಯರ್‌ಗೆ ಮೂರು ಅಂಗಡಿಯಲ್ಲಿ ಮೂರು ಥರದ ಉತ್ತರ ಯಾಕೆ?

ಸರ್, ನಿಮ್ಮ ಪೋಸ್ಟ್ ನೋಡಿದೆ. ವರ್ಷಕ್ಕೊಮ್ಮೆ ಬರುವ ಬ್ಯಾರೆಲ್ ಸ್ಟೌಟ್‌ಗಾಗಿ (ವಿಸ್ಕಿ ಪೀಪಾಯಿಯಲ್ಲಿ ಹಳೆಯದು ಮಾಡಿದ ಗಟ್ಟಿ ಕಪ್ಪು ಬಿಯರ್) ಮೂರು ಅಂಗಡಿ ಸುತ್ತಿದ್ದೀರಿ. ಮೊದಲನೆಯವರ ರೇಟು ಸರಿಯಾಗಿತ್ತು, ಆದರೆ ಬೆಳಿಗ್ಗೆಯೇ ಖಾಲಿ. ಎರಡನೆಯವರ ಹತ್ತಿರ ಇತ್ತು, ಆದರೆ ಮೂರು ಪಟ್ಟು ಬೆಲೆ. ಮೂರನೆಯವರು ಕೌಂಟರ್ ಹಿಂದೆ ಇಟ್ಟುಕೊಂಡೇ "ಇದು ಖಾಯಂ ಗಿರಾಕಿಗಳಿಗೆ" ಅಂತ ಹೇಳಿ ಕಳಿಸಿದರು. ಇವರಲ್ಲಿ ಯಾರು ಮೋಸ ಮಾಡುತ್ತಿದ್ದಾರೆ ಅಂತ ಕೇಳಿದ್ದೀರಿ. ಇಲ್ಲಿ ಉತ್ತರ ಬರೆದವರೆಲ್ಲ ಎರಡನೆಯವರನ್ನೇ ಬೈದಿದ್ದಾರೆ. ನಾನು ಇಂಥದೇ ಒಂದು ಅಂಗಡಿಯಲ್ಲಿ ನಾಲ್ಕು ವರ್ಷ ಕೌಂಟರ್ ಹಿಂದೆ ನಿಂತವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಅಂಗಡಿಗೆ ಎಷ್ಟು ಬರುತ್ತದೆ ಅಂತ ಗೊತ್ತಿರಲಿ. ನಮಗೆ ಹನ್ನೆರಡು ಬಾಟಲಿಯ ಒಂದು ಕೇಸ್ ಬಂದರೆ ಅದು ಒಳ್ಳೆಯ ವರ್ಷ. ಒಮ್ಮೊಮ್ಮೆ ಆರೇ ಬಾಟಲಿ. ಕೇಳಿಕೊಂಡು ಬರುವವರು ನೂರಾರು ಜನ. ಡಿಲಿವರಿ ಲಾರಿಯ ಹಿಂದೆಯೇ ಕಾರು ಓಡಿಸಿಕೊಂಡು ಅಂಗಡಿಯಿಂದ ಅಂಗಡಿಗೆ ಬರುವವರನ್ನೂ ನೋಡಿದ್ದೇನೆ. ಆ ಹನ್ನೆರಡು ಬಾಟಲಿಗೆ ಏನೇ ರೇಟು ಹಾಕಿದರೂ ಅಂಗಡಿಯ ಬಾಡಿಗೆ ಹುಟ್ಟುವುದಿಲ್ಲ. ಬಾಡಿಗೆ ಹುಟ್ಟುವುದು ದಿನಾ ಹೋಗುವ ಮಾಮೂಲಿ ಬಿಯರ್‌ಗಳಲ್ಲಿ, ಅಂದರೆ ಲಾಗರ್ ಮತ್ತು ಹಾಪ್ಸ್ ಹೂವಿನ ಘಮದ ಐಪಿಎಗಳಲ್ಲಿ. ಹಾಗಾಗಿ ಯಜಮಾನ ಕೂತು ಯೋಚಿಸುವುದು ಇಷ್ಟೇ: ಈ ಕೇಸ್‌ನಲ್ಲಿ ನಾಲ್ಕು ಕಾಸು ಜಾಸ್ತಿ ಮಾಡಿಕೊಳ್ಳಲೋ, ಇಲ್ಲಾ ನಾಲ್ಕು ಗಿರಾಕಿಗಳನ್ನು ಉಳಿಸಿಕೊಳ್ಳಲೋ? ನಿಮಗೆ ಸಿಕ್ಕ ಮೂರು ಉತ್ತರದ ಬೇರು ಇಲ್ಲೇ ಇದೆ.

ಈಗ ಲೆಕ್ಕ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಮುಗಿದ ಮೇಲೆ ಬಂದ ಪದ್ಧತಿಯಲ್ಲಿ ಬ್ರೂವರಿ, ಡಿಸ್ಟ್ರಿಬ್ಯೂಟರ್, ಅಂಗಡಿ ಅಂತ ಮೂರು ಮೆಟ್ಟಿಲು. ಬೇರೆ ಹಲವು ಕಡೆಯೂ ಹೆಚ್ಚುಕಡಿಮೆ ಇದೇ ದಾರಿ. ಬ್ರೂವರಿ 100ಕ್ಕೆ ಕೊಟ್ಟಿತು ಅನ್ನಿ. ಡಿಸ್ಟ್ರಿಬ್ಯೂಟರ್ ತನ್ನ ಪಾಲು ಸೇರಿಸಿ ಅಂಗಡಿಗೆ 130ಕ್ಕೆ ಕೊಡುತ್ತಾನೆ. ಇಲ್ಲಿಂದ ಮುಂದೆ ಒಂದು ಸಣ್ಣ ಗುಟ್ಟಿದೆ. "ನಾವು ಶೇಕಡಾ 30 ಇಟ್ಟುಕೊಳ್ಳುತ್ತೇವೆ" ಅಂತ ಹೇಳುವ ಇಬ್ಬರು ಅಂಗಡಿಯವರ ಬೆಲೆ ಒಂದೇ ಇರಬೇಕಾಗಿಲ್ಲ. ಒಬ್ಬ ಅಸಲಿನ ಮೇಲೆ 30 ಸೇರಿಸುತ್ತಾನೆ, 169 ಆಗುತ್ತದೆ. ಇನ್ನೊಬ್ಬ ಮಾರುವ ಬೆಲೆಯಲ್ಲಿ 30 ಉಳಿಯಬೇಕು ಅಂತ ಲೆಕ್ಕ ಹಾಕುತ್ತಾನೆ, 186ರ ಹತ್ತಿರ ಹೋಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದರ ಮೇಲೆ ತೆರಿಗೆ. ಆದ್ದರಿಂದ ಅಂಗಡಿಯಿಂದ ಅಂಗಡಿಗೆ ಹತ್ತಿಪ್ಪತ್ತರ ವ್ಯತ್ಯಾಸ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ.

ಅಸಲೇ ಜಾಸ್ತಿ ಇರುವುದಕ್ಕೂ ಕಾರಣ ಇದೆ. ಬರ್ಬನ್ ವಿಸ್ಕಿಯನ್ನು ಪ್ರತಿ ಸಲ ಹೊಸ, ಒಳಗೆ ಸುಟ್ಟ ಓಕ್ ಪೀಪಾಯಿಯಲ್ಲೇ ಇಡಬೇಕು ಅಂತ ಅಮೆರಿಕದ ಕಾನೂನು. ಹಾಗಾಗಿ ಒಂದು ಸಲ ಬಳಸಿದ, ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಗಳು ಬಿಯರ್‌ನವರ ಕೈಗೆ ಬರುತ್ತವೆ. ಅದರಲ್ಲಿ ಸ್ಟೌಟ್ ತುಂಬಿ ಎಂಟು ತಿಂಗಳೋ ಒಂದು ವರ್ಷವೋ ಸುಮ್ನೆ ಬಿಡಬೇಕು. ಅಷ್ಟು ದಿನ ಜಾಗ ಹೋಯಿತು, ದುಡ್ಡು ಸಿಕ್ಕಿಹಾಕಿಕೊಂಡಿತು. ಒಂದಷ್ಟು ಮರದ ಮೂಲಕ ಆರಿಯೂ ಹೋಗುತ್ತದೆ. ಕೆಲವು ಪೀಪಾಯಿ ಹುಳಿ ಹಿಡಿದರೆ ಚರಂಡಿಗೆ ಸುರಿಯಬೇಕು. ಬೆಲ್ಜಿಯಂನ ಗೂಸ್ (gueuze) ಎಂಬ ಹುಳಿ ಬಿಯರ್‌ನದು ಇನ್ನೂ ಕಷ್ಟ. ಗಾಳಿಯಲ್ಲಿರುವ ಯೀಸ್ಟ್‌ನಿಂದಲೇ ಹುದುಗುವ ಲ್ಯಾಂಬಿಕ್ ಬಿಯರ್‌ಗಳಲ್ಲಿ ಒಂದು, ಎರಡು, ಮೂರು ವರ್ಷ ಹಳೆಯವನ್ನು ಬೆರೆಸಿ ಅದನ್ನು ಮಾಡುತ್ತಾರೆ, ಲ್ಯಾಂಬಿಕ್ ಕುದಿಸುವುದೂ ಚಳಿಯ ತಿಂಗಳುಗಳಲ್ಲಿ ಮಾತ್ರ. ಜನ ಕೇಳುತ್ತಿದ್ದಾರೆ ಅಂತ ಮುಂದಿನ ತಿಂಗಳು ಎರಡರಷ್ಟು ಮಾಡಿಬಿಡಲು ಆಗುವುದಿಲ್ಲ.

ಗಿರಾಕಿಗೆ ಕಾಣದ ಇನ್ನೊಂದು ಖರ್ಚಿದೆ. ಡಿಸ್ಟ್ರಿಬ್ಯೂಟರ್ ಅಪರೂಪದ ಸರಕನ್ನು ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ. ವರ್ಷವಿಡೀ ತನ್ನ ಮಾಲು ಯಾರು ಎಷ್ಟು ತೆಗೆದುಕೊಂಡರು ಅಂತ ನೋಡುತ್ತಾನೆ. "ಇದನ್ನು ತೆಗೆದುಕೊಂಡರೆ ಮಾತ್ರ ಅದನ್ನು ಕೊಡುತ್ತೇನೆ" ಅಂತ ಷರತ್ತು ಹಾಕುವುದಕ್ಕೆ ಅಮೆರಿಕದಂಥ ಕಡೆ ಕಾನೂನಿನಲ್ಲಿ ತಡೆ ಇದೆ. ಆದರೆ ಬಾಯಿಬಿಟ್ಟು ಹೇಳಬೇಕಾಗಿಲ್ಲವಲ್ಲ! ನಮ್ಮ ಯಜಮಾನ ಒಂದು ವರ್ಷ ಡಿಸ್ಟ್ರಿಬ್ಯೂಟರ್‌ನ ಮನಸ್ಸು ಗೆಲ್ಲಲು ಕುಂಬಳಕಾಯಿ ಬಿಯರ್ ಹದಿನೈದು ಕೇಸ್ ತರಿಸಿದ. ಅದರ ಕಾಲ ಮುಗಿದು ಎರಡು ತಿಂಗಳಾದರೂ ಮೂಲೆಯಲ್ಲಿ ಒಂಬತ್ತು ಕೇಸ್ ಹಾಗೇ ಇತ್ತು. ಕೊನೆಗೆ ಅಸಲಿಗಿಂತ ಕಡಿಮೆಗೆ ಮಾರಿದೆವು, ಮಿಕ್ಕಿದ್ದನ್ನು ನಾವೇ ಕುಡಿದೆವು. ಇವತ್ತಿಗೂ ಕುಂಬಳಕಾಯಿ ಅಂದರೆ ನನಗೆ ಆಗುವುದಿಲ್ಲ. ನಿಮ್ಮ ಎರಡನೆಯ ಅಂಗಡಿಯವರು ಮೂರು ಪಟ್ಟಿನಲ್ಲಿ ಇಂಥ ನಷ್ಟವನ್ನೂ ತುಂಬಿಕೊಳ್ಳುತ್ತಿರಬಹುದು. ದುರಾಸೆಯೂ ಇರಬಹುದು. ಹೊರಗಿನಿಂದ ಹೇಳಲಾಗದು.

ಬ್ರೂವರಿಯವರು ಹೇಳಿದ ರೇಟಿಗೇ ಮಾರಿದರೆ ನ್ಯಾಯ ಅಲ್ವಾ ಅಂತ ಒಬ್ಬರು ಬರೆದಿದ್ದಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಜನ ಮೂರು ಪಟ್ಟು ಕೊಡಲು ತಯಾರಿರುವ ಬಾಟಲಿಯನ್ನು ಒಂದು ಪಟ್ಟಿಗೆ ಕೊಟ್ಟರೆ ಮಿಕ್ಕ ಎರಡು ಪಟ್ಟು ಗಾಳಿಗೆ ಹೋಗುವುದಿಲ್ಲ. ಯಾರದೋ ಜೇಬಿಗೆ ಹೋಗುತ್ತದೆ. ಬೆಲ್ಜಿಯಂನ ವೆಸ್ಟ್‌ವ್ಲೆಟರೆನ್‌ನಲ್ಲಿರುವ ಸಿಂಟ್ ಸಿಕ್ಸ್ಟಸ್ ಮಠದ ಕಥೆ ನೋಡಿ. ಅಲ್ಲಿನ ಸನ್ಯಾಸಿಗಳು ಮಠ ನಡೆಯುವಷ್ಟು ಮಾತ್ರ ಬಿಯರ್ ಮಾಡುತ್ತಾರೆ. ಬೆಲೆ ಬಹಳ ಕಡಿಮೆ. ಮರುಮಾರಾಟ ಮಾಡಬಾರದು ಅಂತ ಷರತ್ತು. ಬಹಳ ವರ್ಷ ಫೋನ್ ಮಾಡಿ, ಕಾರಿನ ನಂಬರ್ ಕೊಟ್ಟು ಮುಂಗಡ ಹೆಸರು ಬರೆಸಬೇಕಿತ್ತು. 2019ರಲ್ಲಿ ಅದು ಆನ್‌ಲೈನ್ ಆಯಿತು. ಇಷ್ಟು ಬಿಗಿ ಇದ್ದರೂ 2018ರಲ್ಲಿ ನೆದರ್ಲೆಂಡ್ಸ್‌ನ ಸೂಪರ್‌ಮಾರ್ಕೆಟ್ ಒಂದರಲ್ಲಿ ಆ ಬಿಯರ್ ಬಾಟಲಿಗೆ ಹತ್ತಿರಹತ್ತಿರ 10 ಯೂರೋಗೆ ಮಾರಾಟಕ್ಕೆ ಬಂತು. ಮಠದಲ್ಲಿ ಎರಡು ಯೂರೋ ಕೂಡ ಇರಲಿಲ್ಲ. ಸನ್ಯಾಸಿಗಳಿಗೆ ಬೇಸರವಾಯಿತು, ಆದರೆ ಬಾಟಲಿ ಆಗಲೇ ಕೈ ದಾಟಿತ್ತು.

ಹಾಗೆ ನೋಡಿದರೆ ನಿಮ್ಮ ಮೊದಲನೆಯ ಅಂಗಡಿ ಒಳ್ಳೆಯ ಹೆಸರು ತೆಗೆದುಕೊಂಡಿತು, ಆದರೆ ಬಾಟಲಿಗಳು ಬೆಳಿಗ್ಗೆ ಏಳಕ್ಕೇ ಬಂದು ನಿಂತವರ ಪಾಲಾದವು. ಅವರಲ್ಲಿ ಅರ್ಧ ಜನ ಕುಡಿಯುವವರೇ ಅಲ್ಲ, ಬ್ಲ್ಯಾಕ್‌ನಲ್ಲಿ ಮಾರುವವರು. ಎರಡನೆಯವರು ಆ ಲಾಭವನ್ನು ತಾವೇ ಇಟ್ಟುಕೊಂಡರು. ಮೂರನೆಯವರು ಅದನ್ನು ಖಾಯಂ ಗಿರಾಕಿಗೆ ಉಡುಗೊರೆ ಕೊಟ್ಟರು. ನನ್ನನ್ನು ಕೇಳಿದರೆ ಮೂರನೆಯವರ ದಾರಿ ವ್ಯಾಪಾರಕ್ಕೆ ಒಳ್ಳೆಯದು. ಮುಖಕ್ಕೆ ಹೊಡೆದ ಹಾಗೆ ಹೇಳಬೇಕಾಗಿರಲಿಲ್ಲ ಅಷ್ಟೇ.

ಇನ್ನೂ ಎರಡು ದಾರಿಗಳಿವೆ. ಒಂದು ಚೀಟಿ ಎತ್ತುವುದು. ನಾವು ಕೊನೆಯ ಎರಡು ವರ್ಷ ಇದನ್ನೇ ಮಾಡಿದೆವು, ಜಗಳ ತುಂಬ ಕಡಿಮೆಯಾಯಿತು. ಚೀಟಿಗೆ ಮಾತ್ರ ದುಡ್ಡು ತೆಗೆದುಕೊಳ್ಳಬಾರದು, ಬಹಳ ಕಡೆ ಅದು ಕಾನೂನಿನ ಕಣ್ಣಿಗೆ ಜೂಜಾಗುತ್ತದೆ. ಇನ್ನೊಂದು, ಬಾಟಲಿ ಕೊಡದೆ ಗ್ಲಾಸಿನಲ್ಲಿ ಮಾರುವುದು. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯವರು 2005ರಲ್ಲಿ ಶುರು ಮಾಡಿದ ಪ್ಲಿನಿ ದ ಯಂಗರ್ ಬಿಯರನ್ನು ವರ್ಷಗಟ್ಟಲೆ ಡ್ರಾಫ್ಟ್‌ನಲ್ಲಿ (ನಲ್ಲಿಯಿಂದ ನೇರ ಗ್ಲಾಸಿಗೆ) ಮಾತ್ರ ಕೊಟ್ಟರು, ಬಾಟಲಿ ಬಂದದ್ದು 2020ರಲ್ಲಿ. ಗಂಟೆಗಟ್ಟಲೆ ಕ್ಯೂ ಇರುತ್ತಿತ್ತು, ಆದರೆ ಹೊಟ್ಟೆಗೆ ಹೋದದ್ದನ್ನು ಯಾರೂ ಬ್ಲ್ಯಾಕ್‌ನಲ್ಲಿ ಮಾರಲಾರರು. ನನಗೆ ಬಹಳ ಹಿಡಿಸಿದ ಉಪಾಯ ಇದು.

ಹಾಗಾದರೆ ಮೋಸ ಯಾವುದು? ಮೂರು ಪಟ್ಟು ರೇಟನ್ನು ಚೀಟಿ ಅಂಟಿಸಿ ಎದುರಿಗೇ ಇಟ್ಟರೆ ಅದು ಮೋಸವಲ್ಲ, ಬೇಡ ಅಂದರೆ ಬಿಟ್ಟು ಬರಬಹುದು. ಫೋನಿನಲ್ಲಿ ಒಂದು ರೇಟು ಹೇಳಿ, ಹೋದ ಮೇಲೆ "ಜೊತೆಗೆ ಈ ಆರು ಬಾಟಲಿಯನ್ನೂ ತೆಗೆದುಕೊಳ್ಳಬೇಕು" ಅಂದರೆ ಅದು ಮೋಸ. ಹಳೇ ಸ್ಟಾಕನ್ನು ಅಪರೂಪ ಅಂತ ಮಾರುವುದು ಅದಕ್ಕಿಂತ ದೊಡ್ಡ ಮೋಸ, ಇದರಲ್ಲಿ ಹೊಸಬರು ಜಾಸ್ತಿ ಬೀಳುತ್ತಾರೆ. ಐಪಿಎ ಎಷ್ಟೇ ಹೆಸರುವಾಸಿಯಾಗಿದ್ದರೂ ಹಾಪ್ಸ್‌ನ ಘಮ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಒಂದು ವರ್ಷ ಹಳೆಯ ಐಪಿಎಗೆ ಹೆಚ್ಚು ದುಡ್ಡು ಕೊಡುವುದು ಬಾಡಿದ ಮಲ್ಲಿಗೆಗೆ ಚೌಕಾಸಿ ಮಾಡಿದ ಹಾಗೆ. ಸಾಮಾನ್ಯವಾಗಿ ಡಬ್ಬಿಯ ತಳದಲ್ಲಿ ತುಂಬಿದ ದಿನಾಂಕ ಇರುತ್ತದೆ, ತಿರುಗಿಸಿ ನೋಡಿ. ನೀವು ಹುಡುಕುತ್ತಿರುವ ಗಟ್ಟಿ ಸ್ಟೌಟ್ ತಂಪಾಗಿ, ಕತ್ತಲಲ್ಲಿ ಇಟ್ಟಿದ್ದರೆ ವರ್ಷಗಟ್ಟಲೆ ಇರುತ್ತದೆ. ಕಿಟಕಿಯ ಬಿಸಿಲಲ್ಲಿ ಜೋಡಿಸಿಟ್ಟಿದ್ದರೆ ಏನೇ ಹೆಸರಿದ್ದರೂ ಮುಟ್ಟಬೇಡಿ.

ಬಿಲ್ ಕೊಡದ ಕೈಯಿಂದ ಕೊಳ್ಳಬೇಡಿ. ಲೈಸೆನ್ಸ್ ಇಲ್ಲದೆ ಮಾರುವುದು ಬಹಳ ಕಡೆ ಅಪರಾಧ, ಅದು ಅವರ ಪಾಡು. ನಿಮ್ಮ ಪಾಡು ಬೇರೆ. ಷಿಕಾಗೋದ ಗೂಸ್ ಐಲೆಂಡ್ (Goose Island) ಬ್ರೂವರಿಯವರ 2015ರ ಬರ್ಬನ್ ಕೌಂಟಿ ಬಿಯರ್‌ಗಳಲ್ಲಿ ಕೆಲವಕ್ಕೆ ಬ್ಯಾಕ್ಟೀರಿಯಾ ಸೇರಿ ರುಚಿ ಕೆಟ್ಟಿತು. ಕಂಪನಿ ಒಪ್ಪಿಕೊಂಡು ಹಣ ವಾಪಸ್ ಕೊಟ್ಟಿತು. ಆದರೆ ಬ್ಲ್ಯಾಕ್‌ನಲ್ಲಿ ಮೇಲೆ ಕೊಟ್ಟ ದುಡ್ಡನ್ನು ಯಾವ ಕಂಪನಿ ವಾಪಸ್ ಕೊಡುತ್ತದೆ?

ಮುಂದಿನ ಸಲಕ್ಕೆ ನಾನು ಹೇಳುವುದು ಇಷ್ಟು. ಮೂರನೆಯ ಅಂಗಡಿಗೇ ಹೋಗಿ, ರಿಲೀಸ್ ದಿನ ಅಲ್ಲ, ಜನ ಇಲ್ಲದ ಒಂದು ವಾರದ ದಿನ. ನಿಮಗೆ ಹೇಗೂ ಬೇಕಾದ ಮಾಮೂಲಿ ಬಿಯರನ್ನು ಅಲ್ಲೇ ಕೊಳ್ಳಿ. "ಸ್ಟೌಟ್ ಬಂತಾ" ಅಂತ ಫೋನ್ ಮಾಡಬೇಡಿ. ಆ ದಿನ ಅಂಥ ಫೋನ್ ಐವತ್ತು ಬರುತ್ತವೆ, ಎತ್ತುವವನಿಗೆ ರೇಗಿಹೋಗಿರುತ್ತದೆ. ಬದಲಿಗೆ ಎದುರಿಗೆ ನಿಂತು "ನೀವು ಹೇಗೆ ಹಂಚುತ್ತೀರಿ" ಅಂತ ಕೇಳಿ. ನಿಯಮ ಇದ್ದವರು ಹೇಳುತ್ತಾರೆ. ನಾಲ್ಕೈದು ತಿಂಗಳು ಮುಖ ಕಂಡರೆ ಹೆಸರು ತಾನಾಗಿಯೇ ಪಟ್ಟಿಗೆ ಬರುತ್ತದೆ, ಇದು ನಾನೇ ಪಟ್ಟಿ ಬರೆದು ಕಂಡದ್ದು. ಸಿಕ್ಕ ಬಾಟಲಿಯನ್ನು ಮಾರಲು ಹೋಗಬೇಡಿ. ನಾವು ಕೌಂಟರ್‌ನಲ್ಲಿ ಬಿಡುವಿದ್ದಾಗ ಆನ್‌ಲೈನ್ ಮಾರಾಟದ ಗುಂಪುಗಳಲ್ಲಿ ನಮ್ಮ ಗಿರಾಕಿಗಳು ಯಾರಾದರೂ ಮಾರುತ್ತಿದ್ದಾರಾ ಅಂತ ಫೋಟೋ ನೋಡುತ್ತಾ ಕೂರುತ್ತಿದ್ದೆವು.

ಈ ವರ್ಷವೇ ಬೇಕು ಅಂದರೆ ಎರಡನೆಯವರ ಹತ್ತಿರ ಕೊಳ್ಳುವುದು ದಡ್ಡತನವೇನಲ್ಲ. ಇಂಥ ಸ್ಟೌಟ್‌ನಲ್ಲಿ ಮದ್ಯದ ಅಂಶ ಶೇಕಡಾ 12ರಿಂದ 14 ಇರುತ್ತದೆ, ದೊಡ್ಡ ಬಾಟಲಿಯಾದರೆ ಒಬ್ಬರೇ ಮುಗಿಸುವ ಮಾತೇ ಇಲ್ಲ. ನಾಲ್ಕು ಜನ ಸೇರಿ ಹಂಚಿಕೊಂಡರೆ ಒಬ್ಬರ ಪಾಲಿಗೆ ಬರುವುದು ಮಾಮೂಲಿ ಬೆಲೆಯ ಮುಕ್ಕಾಲು. ಬೆಲೆ ಹೋಲಿಸುವಾಗ ಮಿಲಿಲೀಟರ್ ಲೆಕ್ಕ ಹಾಕಿ. ಅದೇ ಬಿಯರ್ ಒಂದು ಕಡೆ 355, ಇನ್ನೊಂದು ಕಡೆ 650 ಬಾಟಲಿಯಲ್ಲಿ ಇರುತ್ತದೆ, ಮೂರು ಪಟ್ಟು ಅಂತ ಕಂಡದ್ದು ಲೆಕ್ಕ ಹಾಕಿದರೆ ಒಂದೂವರೆ ಪಟ್ಟಿನ ಸುತ್ತ ಬಂದು ನಿಲ್ಲುತ್ತದೆ. ಕಾಯುವ ತಾಳ್ಮೆ ಇದ್ದರೆ ಅದೂ ಸರಿ. ಮಿಷಿಗನ್‌ನ ಫೌಂಡರ್ಸ್ ಬ್ರೂವರಿಯವರ ಕೆಬಿಎಸ್ ಎಂಬ ಬ್ಯಾರೆಲ್ ಸ್ಟೌಟ್‌ಗೆ ಒಂದು ಕಾಲದಲ್ಲಿ ಇಂಥದೇ ಕ್ಯೂ ಇತ್ತು. 2020ರ ಹೊತ್ತಿಗೆ ಅದನ್ನು ವರ್ಷವಿಡೀ ಸಿಗುವ ಹಾಗೆ ಮಾಡಿದರು.

ಅಂದ ಹಾಗೆ, ಎರಡನೆಯ ಅಂಗಡಿಯಲ್ಲಿ ಇದ್ದದ್ದು ಯಾವ ವರ್ಷದ ಬಾಟಲಿ, ಎಷ್ಟು ಮಿಲಿಲೀಟರ್ ಅಂತ ನೀವು ಬರೆದಿಲ್ಲ. ಲೇಬಲ್ಲಿನ ಫೋಟೋ ಇದ್ದರೆ ಹಾಕಿ, ನೋಡಿ ಹೇಳುತ್ತೇನೆ.