ಭೂಮಿ ಬಿಟ್ಟ ಮೇಲೆ ಅರ್ತಿಂಗ್ ಎಲ್ಲಿಗೆ?

ಪ್ರಶ್ನೆ: ನಮ್ಮ ಮನೆಯ ವೈರಿಂಗ್ ಮಾಡಿದವರು ಗುಂಡಿ ತೋಡಿ, ಉಪ್ಪು, ಇದ್ದಿಲು ತುಂಬಿ ಅರ್ತಿಂಗ್ ಕೊಟ್ಟರು. ನೆಲವೇ ಇಲ್ಲದ ಬಾಹ್ಯಾಕಾಶ ನಿಲ್ದಾಣದಲ್ಲಿ ಎಲೆಕ್ಟ್ರಿಷಿಯನ್ ಏನು ಮಾಡುತ್ತಾನೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಉಪ್ಪಿನ ಖರ್ಚಂತೂ ಉಳಿಯುತ್ತದೆ. ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಲೋಹದ ಚೌಕಟ್ಟೇ ಉಪಕರಣಗಳಿಗೆಲ್ಲ ಅರ್ತ್. ಆದರೆ 160 ವೋಲ್ಟಿನ ಸೌರಫಲಕಗಳ ದೆಸೆಯಿಂದ ಆ ಚೌಕಟ್ಟೇ ಋಣ ವಿದ್ಯುದಂಶ ಕೂಡಿಟ್ಟುಕೊಳ್ಳುವುದರಿಂದ, ಕ್ಸೆನಾನ್ ಅನಿಲದ ನೆರವಿನಿಂದ ಎಲೆಕ್ಟ್ರಾನುಗಳನ್ನು ಹೊರಚೆಲ್ಲುವ ಸಾಧನವನ್ನು ಅಳವಡಿಸಿದ್ದಾರೆ. ನಿಜವಾದ ಫಜೀತಿ ಮೇನ್ ಸ್ವಿಚ್ಚಿನದು: ಬಿಸಿಲಿರುವವರೆಗೆ ಫಲಕ ವಿದ್ಯುತ್ತು ಹುಟ್ಟಿಸುತ್ತಲೇ ಇರುತ್ತದೆಯಾದ್ದರಿಂದ, ಅದರ ಕೆಲವು ಜೋಡಣೆಗಳನ್ನು ಸುಮಾರು 90 ನಿಮಿಷಗಳ ಪ್ರತಿ ಸುತ್ತಿನಲ್ಲಿ ಬರುವ ಕತ್ತಲೆಯಲ್ಲೇ ಮುಗಿಸಬೇಕು. ‘ನಾಳೆ ಬರ್ತೀನಿ ಸಾರ್’ ಎನ್ನುವ ನಮ್ಮೂರಿನ ಮೇಸ್ತ್ರಿಗೆ ಅಲ್ಲಿ ದಿನಕ್ಕೆ ಸುಮಾರು 16 ನಾಳೆಗಳು ಸಿಗುತ್ತವೆ.