ಶಾಸಕರಿಗೆ ಮೂರು ಪತ್ರ ಬರೆದೆ, ಉತ್ತರವೇ ಇಲ್ಲ

ಪ್ರಶ್ನೆ: ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷದಿಂದ ವೈದ್ಯರಿಲ್ಲ. ಶಾಸಕರಿಗೆ ಮೂರು ಪತ್ರ ಬರೆದೆ, ಮನೆಗೂ ಹೋಗಿ ಬಂದೆ. 'ನೋಡೋಣ' ಅಂದರು, ಅಷ್ಟೇ. ಇನ್ನೇನು ಮಾಡಲಿ?

ಉತ್ತರ: ನೀವು ಕಳಿಸಿದ ಪ್ರತಿ ಓದಿದೆ. ಎರಡು ಪುಟ ಇದೆ. ವೈದ್ಯರ ಜೊತೆ ಚರಂಡಿ, ಬೀದಿದೀಪ, ಸ್ಮಶಾನದ ದಾರಿ ಎಲ್ಲವೂ ಬಂದಿದೆ. ಬೇಜಾರು ಮಾಡ್ಕೋಬೇಡಿ, ಇದನ್ನು ಓದಿದವರಿಗೆ ಯಾವುದರಿಂದ ಶುರು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಚರಂಡಿ, ದೀಪ ಗ್ರಾಮ ಪಂಚಾಯಿತಿ ಕೆಲಸ, ಅಲ್ಲಿಗೇ ಕೊಡಿ. ಶಾಸಕರಿಗೆ ವೈದ್ಯರ ವಿಷಯ ಒಂದೇ ಇರಲಿ. ಅರ್ಧ ಪುಟ ಸಾಕು.

'ಸೂಕ್ತ ಕ್ರಮ ಕೈಗೊಳ್ಳಬೇಕು' ಅಂತ ಬರೆದರೆ ಅವರೂ ಮೂಲೆಯಲ್ಲಿ 'ಪರಿಶೀಲಿಸಿ' ಅಂತ ಗೀಚಿ ಅಧಿಕಾರಿಗೆ ದಾಟಿಸುತ್ತಾರೆ, ಅಲ್ಲಿಗೆ ಮುಗೀತು. ಅವರ ಕೈಯಲ್ಲೇ ಆಗುವ ಕೆಲಸ ಕೇಳಿ. ತಾಲ್ಲೂಕಿನ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಸಭೆಗೆ, ಶಾಸಕರೇ ಅಧ್ಯಕ್ಷರು, ತಾಲ್ಲೂಕು ಆರೋಗ್ಯಾಧಿಕಾರಿ ಅಲ್ಲಿ ಎದುರಿಗೇ ಕೂತಿರುತ್ತಾರೆ. ಸಭೆ ಯಾವಾಗ ಅಂತ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ, ನಾಲ್ಕು ದಿನ ಮೊದಲೇ ಪತ್ರ ತಲುಪಿಸಿ.

ಅಧಿವೇಶನ ಬರುವುದಿದ್ದರೆ ಇನ್ನೂ ಒಳ್ಳೆಯದು. ಸದನದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ನೀವೇ ಬರೆದುಕೊಡಿ: ಈ ಕ್ಷೇತ್ರದ ಆರೋಗ್ಯ ಕೇಂದ್ರಗಳಿಗೆ ಮಂಜೂರಾದ ವೈದ್ಯರ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಉಳಿದವನ್ನು ಯಾವಾಗ ತುಂಬುತ್ತೀರಿ? ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರ ಹೇಳಬೇಕು, ಶಾಸಕರು ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ನನ್ನ ಕೇಳಿದರೆ ಅದೂ ಕಡಿಮೆಯೇನಲ್ಲ, ಸರ್ಕಾರದ್ದೇ ಮಾತು ಅಂಕಿ ಸಮೇತ ಕಾಗದದ ಮೇಲೆ ಬಂದಿರುತ್ತೆ, ಆರು ತಿಂಗಳು ಬಿಟ್ಟು ಅದನ್ನೇ ಹಿಡ್ಕೊಂಡು ಹೋಗಿ ಕೇಳಬಹುದು. ಆದರೆ ಪ್ರಶ್ನೆಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಓಡಿದರೆ ತಡವಾಯ್ತು ಅಂತಲೇ ಲೆಕ್ಕ. ಖಾಲಿ ಹುದ್ದೆಯ ವಿವರ ನಿಮ್ಮ ಹತ್ತಿರ ಇಲ್ಲವೇ? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು.

ಇನ್ನು ಪಿಎ. ಎಷ್ಟೋ ಜನ ಅವರನ್ನು ದಾಟಿಕೊಂಡು ಹೋಗಲು ನೋಡುತ್ತಾರೆ, ಅದು ದಡ್ಡತನ. ಶಾಸಕರು ಇವತ್ತು ಯಾರನ್ನು ನೋಡಬೇಕು, ಯಾವ ಕಾಗದ ಮೇಲೆ ಬರಬೇಕು ಅನ್ನುವುದೆಲ್ಲ ಹೆಚ್ಚಾಗಿ ಅವರ ಕೈಲೇ ಇರುತ್ತೆ. ಹೆಸರು ಹಿಡಿದು ಮಾತಾಡಿಸಿ, ನಿಮ್ಮ ಪ್ರತಿಯ ಮೇಲೆ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಐವತ್ತು ಜನರೂ ಬೇಡ. ಐದು ಜನ ಸಾಕು, ಅದರಲ್ಲಿ ಒಬ್ಬರು ಎದುರು ಪಕ್ಷಕ್ಕೆ ದುಡಿದವರಾಗಿದ್ದರೆ ನಿಮ್ಮ ಮಾತಿಗೆ ತೂಕ ಜಾಸ್ತಿ. ಒಂದೇ ವಾಟ್ಸಾಪ್ ಸಂದೇಶವನ್ನು ನೂರು ಜನ ಫಾರ್ವರ್ಡ್ ಮಾಡುವುದು ಸುಮ್ನೆ ದಂಡ.

ಪ್ರಶ್ನೆ: ನಮಗೆ ಒಪ್ಪಿಗೆಯಿಲ್ಲದ ಮಸೂದೆ ಬರ್ತಿದೆ. ವಿರುದ್ಧ ಮತ ಹಾಕಿ ಅಂತ ಶಾಸಕರನ್ನು ಕೇಳಬಹುದೇ?

ಉತ್ತರ: ಕೇಳಬಹುದು. ಆದರೆ ಪಕ್ಷ ವಿಪ್ ಕೊಟ್ಟ ಮೇಲೆ, ಅಂದರೆ ಹೀಗೇ ಮತ ಹಾಕಬೇಕು ಅಂತ ಆದೇಶ ಹೊರಡಿಸಿದ ಮೇಲೆ, ಅವರ ಕೈ ಕಟ್ಟಿಹೋಗುತ್ತೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಪಕ್ಷಾಂತರ ನಿಷೇಧದ ಪ್ರಕಾರ ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ನಿಮಗೋಸ್ಕರ ಯಾರು ಆ ರಿಸ್ಕ್ ತಗೋತಾರೆ ಹೇಳಿ? ಹಾಗಾಗಿ ಮತದ ದಿನಕ್ಕೆ ಕಾಯಬೇಡಿ. ಆಡಳಿತ ಪಕ್ಷದವರಾದರೆ ಶಾಸಕಾಂಗ ಪಕ್ಷದ ಸಭೆಯಲ್ಲಿ ಮಾತೆತ್ತಲು ಹೇಳಿ. ವಿರೋಧ ಪಕ್ಷದವರಾದರೆ ತಿದ್ದುಪಡಿಯನ್ನು ನೀವೇ ಬರೆದುಕೊಡಿ, ಇಡೀ ಮಸೂದೆ ಬೈಯುವ ಬದಲು ಯಾವ ಕಲಂ, ಅದರ ಬದಲು ಏನಿರಬೇಕು ಅಂತ. ಪರಿಶೀಲನೆಗೆ ಸಮಿತಿಗೆ ಒಪ್ಪಿಸಿ ಅಂತಲೂ ಒತ್ತಾಯಿಸಬಹುದು.

ವಿಧಾನ ಪರಿಷತ್ತನ್ನು ಜನ ಮರೆತೇಬಿಡುತ್ತಾರೆ. ಅದರ 75 ಸದಸ್ಯರಲ್ಲಿ 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ಶಿಕ್ಷಕರು ಆರಿಸುತ್ತಾರೆ. ನೀವು ಪದವೀಧರ ಮತದಾರರಾಗಿದ್ದರೆ ಅವರೂ ನಿಮ್ಮ ಪ್ರತಿನಿಧಿಯೇ ಅಲ್ವಾ? ಪರಿಷತ್ತಿಗೆ ಮಸೂದೆಯನ್ನು ಕೊನೆವರೆಗೂ ತಡೆಯಲು ಆಗುವುದಿಲ್ಲ, ಆದರೆ ತಡ ಮಾಡಲು ಆಗುತ್ತೆ.