ಢಾಳು ಬಣ್ಣ ಅಂದರೆ ಅಗ್ಗವಾ?

ಪ್ರಶ್ನೆ: ಮೇಡಂ, ನನಗೆ ಕೆಂಪು, ಹಳದಿ, ಹಸಿರು ಎದ್ದು ಕಾಣುವ ಚಿತ್ರಗಳೇ ಇಷ್ಟ. ಅಂಥದ್ದು ತಂದು ಗೋಡೆಗೆ ಹಾಕಿದರೆ ‘ಕ್ಯಾಲೆಂಡರ್ ಥರ ಇದೆ’ ಅಂತ ಮನೆಯವರು ಮೂಗು ಮುರಿಯುತ್ತಾರೆ. ಬಣ್ಣಕ್ಕಾಗಿಯೇ ನೀವು ಮೆಚ್ಚಿದ ಚಿತ್ರಗಳು ಯಾವುವು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕ್ಯಾಲೆಂಡರಿನಿಂದಲೇ ಶುರು ಮಾಡೋಣ. ರಾಜಾ ರವಿವರ್ಮ 1894ರಲ್ಲಿ ಚಿತ್ರ ಅಚ್ಚು ಹಾಕುವ ಪ್ರೆಸ್ ಶುರು ಮಾಡಿದ್ದು ನಮ್ಮ ಮುಂಬಯಿಯ ಘಾಟ್ಕೋಪರ್‌ನಲ್ಲಿ. ಆಮೇಲೆ ಅದು ಲೋಣಾವಳ ಹತ್ತಿರದ ಮಳವಳಿಗೆ ಹೋಯಿತು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿ ನಮ್ಮ ಅಜ್ಜಿಯಂದಿರ ದೇವರ ಕೋಣೆವರೆಗೂ ಬಂದರು. ಆಗ ಚಿತ್ರವನ್ನು ಕಲ್ಲಿನ ಮೇಲೆ ಬರೆದು ಅದರಿಂದ ಅಚ್ಚು ತೆಗೆಯುತ್ತಿದ್ದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಒಂದೇ ಕಾಗದ ಆ ಎಲ್ಲ ಕಲ್ಲುಗಳ ಮೇಲೂ ಸರದಿಯಲ್ಲಿ ಹೋಗಿ ಬರಬೇಕು, ಒಂದು ಕಲ್ಲು ಚೂರು ಜರುಗಿದರೂ ತುಟಿಯ ಕೆಂಪು ಗಲ್ಲಕ್ಕೆ ಬಂದುಬಿಡುತ್ತದೆ. ಹಳೇ ಪ್ರತಿ ಸಿಕ್ಕರೆ ಭೂತಗನ್ನಡಿ ಹಿಡಿದು ಲಕ್ಷ್ಮಿಯ ಕೆನ್ನೆ ನೋಡಿ. ಗುಲಾಬಿ, ಕಂದು, ಹಳದಿ ಚುಕ್ಕಿಗಳು ಒತ್ತೊತ್ತಾಗಿ ಕೂತಿರುತ್ತವೆ. ದೂರ ಸರಿದರೆ ಅದೇ ಚರ್ಮದ ಹೊಳಪು. ಇದನ್ನು ಅಗ್ಗ ಅನ್ನುವವರ ಮಾತಿಗೆ ನೀವು ಕಿವಿಗೊಡಬೇಡಿ.

ಎರಡನೆಯದು ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ ಮೂವರು ಹುಡುಗಿಯರ ಚಿತ್ರ. ಈಗ ದೆಹಲಿಯಲ್ಲಿದೆ, ಆದರೆ 1937ರಲ್ಲಿ ಅದಕ್ಕೆ ಚಿನ್ನದ ಪದಕ ಕೊಟ್ಟಿದ್ದು ಬಾಂಬೆ ಆರ್ಟ್ ಸೊಸೈಟಿ. ಹುಡುಗಿಯರು ಸುಮ್ನೆ ಕೂತಿದ್ದಾರೆ, ಮುಖದಲ್ಲಿ ನಗುವಿಲ್ಲ, ಹಿನ್ನೆಲೆ ಮಂಕು. ಮೈಮೇಲಿನ ಕೆಂಪು, ಹಸಿರು ಬಟ್ಟೆ ಮಾತ್ರ ಉರಿಯುತ್ತದೆ. ಯಾಕೆ ಗೊತ್ತಾ? ಕೆಂಪಿನ ಪಕ್ಕ ಹಸಿರಿಟ್ಟರೆ ಎರಡೂ ಇನ್ನಷ್ಟು ಗಾಢವಾಗಿ ಕಾಣುತ್ತವೆ, ಸುತ್ತ ಮಂಕು ಇದ್ದರಂತೂ ಕೇಳುವುದೇ ಬೇಡ. ಬಣ್ಣವನ್ನು ಜಾಸ್ತಿ ಸುರಿದರೆ ಚಿತ್ರ ಹೊಳೆಯುವುದಿಲ್ಲ, ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಚಿತ್ರ ಆರಿಸುವಾಗ ನಾನು ಮೊದಲು ನೋಡುವುದೇ ಇದನ್ನು.

ಚಿತ್ರಕಾರ ಎಸ್.ಎಚ್. ರಝಾ ಅವರ ‘ಸೌರಾಷ್ಟ್ರ’ (1983) ನನ್ನ ಪಟ್ಟಿಯಲ್ಲಿ ಸದಾ ಇರುತ್ತದೆ. 2010ರಲ್ಲಿ ಅದು 16 ಕೋಟಿ ರೂಪಾಯಿಗೂ ಮೇಲೆ ಮಾರಾಟವಾಯಿತು, ಜನ ಆ ಬೆಲೆಯನ್ನೇ ಮಾತಾಡಿದರು. ನಾನು ಮಾತಾಡಬೇಕಿರುವುದು ಅದರ ಕಪ್ಪಿನ ಬಗ್ಗೆ. ಅಷ್ಟು ಕೆಂಪು, ಕಿತ್ತಳೆ ಇರುವಲ್ಲಿ ಒಂದು ಕಪ್ಪು ಬಿಂದು ಇಟ್ಟಿದ್ದಾರೆ, ಅದು ಇರುವುದರಿಂದಲೇ ಉಳಿದ ಬಣ್ಣಗಳಿಗೆ ಬಿಸಿ ಬಂದಿದೆ. ಬೆರಳಿಂದ ಅದನ್ನು ಮುಚ್ಚಿಕೊಂಡು ನೋಡಿ, ಚಿತ್ರ ಸಪ್ಪೆಯಾಗುತ್ತದೆ. ಮಧ್ಯಪ್ರದೇಶದ ಕಾಡಿನ ಊರಲ್ಲಿ ಬೆಳೆದು, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1950ರಲ್ಲಿ ಫ್ರಾನ್ಸಿಗೆ ಹೋದವರು ಅವರು.

ನಮ್ಮವರೇ ಆದ ಕೆ.ಕೆ. ಹೆಬ್ಬಾರರನ್ನು ಬಿಡೋಕಾಗುತ್ತಾ? ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಜೆ.ಜೆ.ಯಲ್ಲೇ ಓದಿ ಅಲ್ಲೇ ಪಾಠ ಹೇಳಿದರು. ಅವರ ರೇಖೆಯನ್ನು ಎಲ್ಲರೂ ಹೊಗಳುತ್ತಾರೆ, ಬಣ್ಣದ ಬಗ್ಗೆ ಮಾತು ಕಡಿಮೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಊರಿಗೆ ಹೋದಾಗ ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿ ಅವರ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಪ್ರಶ್ನೆ: ಎಲ್ಲ ಚಿತ್ರಗಳೂ ಮೊಬೈಲಲ್ಲೇ ಸಿಗುವಾಗ ಮ್ಯೂಸಿಯಂಗೆ ಯಾಕೆ ಹೋಗಬೇಕು? ಅಲ್ಲಿ ಬೆಳಕೂ ಕಮ್ಮಿ, ಬಣ್ಣವೂ ಡಲ್ಲು.
– ಕಾಲೇಜು ವಿದ್ಯಾರ್ಥಿನಿ, ಪುಣೆ

ಉತ್ತರ: ಮೊಬೈಲ್ ತಾನೇ ಬೆಳಕು ಸೂಸುತ್ತದೆ ತಂಗಿ, ಕಾಗದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ಅಷ್ಟೇ. ಅದಕ್ಕೇ ಮೊಬೈಲಲ್ಲಿ ಎಲ್ಲ ಚಿತ್ರವೂ ಒಂದೇ ಸಮ ಹೊಳೆಯುತ್ತದೆ. ಮ್ಯೂಸಿಯಂನವರು ಬೆಳಕು ಕಮ್ಮಿ ಇಡುವುದು ಹಳೇ ಬಣ್ಣ ಮಾಸಬಾರದು ಅಂತ. ಎರಡು ನಿಮಿಷ ತಾಳಿದರೆ ಕಣ್ಣು ಹೊಂದಿಕೊಳ್ಳುತ್ತದೆ. ಬಸೋಲಿ ಅಂತ ಜಮ್ಮು ಕಡೆಯ ಪುಟ್ಟ ಚಿತ್ರಗಳಿವೆ, ಹಿನ್ನೆಲೆಗೆ ಅಪ್ಪಟ ಹಳದಿ ಅಥವಾ ಕೆಂಪು ಬಳಿದಿರುತ್ತಾರೆ. ಅವುಗಳಲ್ಲಿ ಎಷ್ಟೋ ಕಡೆ ಒಡವೆಯ ಪಚ್ಚೆಕಲ್ಲಿನ ಜಾಗಕ್ಕೆ ಜೀರುಂಡೆಯ ರೆಕ್ಕೆಯನ್ನು ಸಣ್ಣಗೆ ಕತ್ತರಿಸಿ ಅಂಟಿಸಿದ್ದಾರೆ. ತಲೆ ಆಚೆ ಈಚೆ ಮಾಡಿದರೆ ಆ ಚೂರು ಮಿಣಕ್ ಅನ್ನುತ್ತದೆ. ಫೋಟೋದಲ್ಲಿ ಅದು ಬರೀ ಒಂದು ಹಸಿರು ಚುಕ್ಕಿ.

ಪ್ರಶ್ನೆ: ಮಕ್ಕಳಿಗೆ ಇಂಥದ್ದು ತೋರಿಸಬೇಕು ಅಂತ ಆಸೆ. ಪ್ರತಿ ಮೇ ತಿಂಗಳು ಕೊಂಕಣ ರೈಲಲ್ಲಿ ಮಂಗಳೂರಿಗೆ ಹೋಗುತ್ತೇವೆ. ದಾರಿಯಲ್ಲಿ ಏನಾದರೂ ಇದೆಯಾ?
– ಓದುಗರು, ವಸಾಯಿ

ಉತ್ತರ: ಇದೆ, ಗೋವಾ ಬರುವ ಮೊದಲೇ. ಸಾವಂತವಾಡಿಯಲ್ಲಿ ಇಳಿಯಿರಿ. ಊರು ಸ್ಟೇಷನ್ನಿಂದ ದೂರ, ರಿಕ್ಷಾ ಮಾಡಬೇಕು. ಅಲ್ಲಿನ ಅರಮನೆಯಲ್ಲಿ ಇಂದಿಗೂ ಕೈಯಲ್ಲೇ ಗಂಜೀಫಾ ಎಲೆಗಳನ್ನು, ಅಂದರೆ ಹಳೇ ಕಾಲದ ಇಸ್ಪೀಟ್ ಎಲೆಗಳನ್ನು, ಬರೆಯುತ್ತಾರೆ. ಈ ಕಲೆ ಅಳಿದೇಹೋಗುತ್ತಿದ್ದಾಗ ಅರಮನೆಯವರೇ ಹಳೇ ಕಲಾವಿದರಿಂದ ಕಲಿತು ಉಳಿಸಿಕೊಂಡರು. ದುಂಡನೆಯ ಎಲೆಗಳು, ಮೇಲೆ ಅರಗಿನ ಹೊಳಪು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ ಒಟ್ಟು 120 ಎಲೆ. ಒಂದೊಂದು ಅವತಾರಕ್ಕೆ ಒಂದೊಂದು ಹಿನ್ನೆಲೆ ಬಣ್ಣ, ಹಾಗಾಗಿ ಓದಲು ಬಾರದ ಮಗುವೂ ಮತ್ಸ್ಯ, ಕೂರ್ಮ ಅಂತ ಬೇರೆ ಬೇರೆ ಮಾಡಿಬಿಡುತ್ತದೆ. ಮೇ ತಿಂಗಳಲ್ಲಿ ರೈಲು ಭರ್ತಿ ಇರುತ್ತದೆ, ಸಾವಂತವಾಡಿವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಒಂದು ಅಂತ ಎರಡು ಟಿಕೆಟ್ ಮೊದಲೇ ಮಾಡಿಸಿಟ್ಟುಕೊಳ್ಳಿ.